ಬೆಳೆದವರು ಇಲ್ಲಿ, ಬೆಲೆ ಕಟ್ಟುವವರು ಅಲ್ಲಿ: ನಾರ್ತ್ ಡಕೋಟದ ಬಯಲು



ಈ ದತ್ತಿಯ ಉಪನ್ಯಾಸ ಒಕ್ಕಲುತನ ಮತ್ತು ಅದರ ಹಣಕಾಸಿನ ಸುತ್ತಲೇ ಇರಬೇಕು ಎಂಬುದು ದಾನಿಗಳ ಕರಾರು. ದೇಶ ದಾಟಿ ಹೋಗಬಾರದು ಎಂದು ಅವರು ಎಲ್ಲೂ ಬರೆದಿಲ್ಲ. ಆ ಸಂದಿಯಲ್ಲಿ ನುಸುಳಿ, ಅಮೆರಿಕದ ನಡುಬಯಲಿನ ಉತ್ತರದ ತುದಿಯಲ್ಲಿ ಕೆನಡಾದ ಗಡಿಗೆ ಹತ್ತಿಕೊಂಡಿರುವ ನಾರ್ತ್ ಡಕೋಟ ರಾಜ್ಯದ ಬಗ್ಗೆ ಇವತ್ತು ಮಾತಾಡುತ್ತೇನೆ.

ಅಮೆರಿಕ ಎಂದೊಡನೆ ನಮಗೆ ನೆನಪಾಗುವುದು ನ್ಯೂಯಾರ್ಕ್, ಕ್ಯಾಲಿಫೋರ್ನಿಯಾ, ನೆಂಟರ ಮಕ್ಕಳಿರುವ ನ್ಯೂಜೆರ್ಸಿ. ನಾರ್ತ್ ಡಕೋಟ ಯಾರಿಗೂ ನೆನಪಾಗುವುದಿಲ್ಲ, ಅಮೆರಿಕದವರಿಗೂ ಅಷ್ಟಕ್ಕಷ್ಟೆ. ಆದರೂ ನಾನು ಅದನ್ನೇ ಆರಿಸಿಕೊಂಡಿದ್ದಕ್ಕೆ ಕಾರಣವಿದೆ. ಖಾಸಗಿ ಬಂಡವಾಳದ ಮಹಿಮೆಯನ್ನು ಲೋಕಕ್ಕೆಲ್ಲ ಬೋಧಿಸುವ ಆ ದೇಶದಲ್ಲಿ, ನೂರು ವರ್ಷಕ್ಕೂ ಹೆಚ್ಚು ಕಾಲದಿಂದ ಸರ್ಕಾರವೇ ಒಂದು ಬ್ಯಾಂಕನ್ನೂ ಒಂದು ಹಿಟ್ಟಿನ ಗಿರಣಿಯನ್ನೂ ನಡೆಸುತ್ತಿರುವುದು ಈ ರಾಜ್ಯದಲ್ಲಿ. ಅದನ್ನು ಕಟ್ಟಿದವರು ಗೋಧಿ ಬೆಳೆಯುವ ಸಾಮಾನ್ಯ ರೈತರು. ಇವತ್ತು ಅದೇ ರಾಜ್ಯ ರಿಪಬ್ಲಿಕನ್ ಪಕ್ಷಕ್ಕೆ ಕಣ್ಣುಮುಚ್ಚಿ ಮತ ಹಾಕುತ್ತದೆ, ಆದರೆ ಬ್ಯಾಂಕನ್ನು ಮುಚ್ಚಿ ಎಂದರೆ ಯಾರೂ ಒಪ್ಪುವುದಿಲ್ಲ. ಇದು ಹೇಗಾಯಿತು ಎಂಬುದೇ ನನ್ನ ಇವತ್ತಿನ ಮಾತು.

ಮೊದಲು ನೆಲ. ರಾಜ್ಯದ ವಿಸ್ತೀರ್ಣ ಸುಮಾರು 1.83 ಲಕ್ಷ ಚದರ ಕಿಲೋಮೀಟರ್, ಕರ್ನಾಟಕಕ್ಕಿಂತ ತುಸು ಕಡಿಮೆ. ಜನ ಎಷ್ಟು? 2020ರ ಗಣತಿಯಲ್ಲಿ 7,79,094. ನಮ್ಮ ಹುಬ್ಬಳ್ಳಿ-ಧಾರವಾಡದ ಜನಸಂಖ್ಯೆ 2011ರಲ್ಲೇ ಇದಕ್ಕಿಂತ ಹೆಚ್ಚಿತ್ತು. ಕರ್ನಾಟಕದಷ್ಟು ನೆಲದಲ್ಲಿ ಒಂದು ಹುಬ್ಬಳ್ಳಿ-ಧಾರವಾಡಕ್ಕೂ ಸಾಲದಷ್ಟು ಮಂದಿ. ಮುಂದೆ ಹೇಳುವ ಪ್ರತಿಯೊಂದು ಸಂಗತಿಯ ಹಿಂದೆಯೂ ಈ ಲೆಕ್ಕವಿದೆ.

ರಾಜ್ಯದ ಪೂರ್ವದ ಅಂಚಿನಲ್ಲಿ ರೆಡ್ ನದಿ ಹರಿಯುತ್ತದೆ. ಅದರ ಕಣಿವೆಗೆ ಕಣಿವೆ ಎಂಬ ಹೆಸರಷ್ಟೆ, ಎರಡೂ ಕಡೆ ಒಂದು ಗುಡ್ಡವಿಲ್ಲ. ಹಿಮಯುಗದ ಕೊನೆಗೆ ಕರಗಿದ ಮಂಜಿನ ನೀರು ನಿಂತು ಅಗಾಸಿಜ್ ಎಂಬ ಮಹಾಸರೋವರವಾಗಿತ್ತು. ಆ ಸರೋವರ ಬತ್ತಿದ ಮೇಲೆ ಉಳಿದ ತಳವೇ ಈ ಬಯಲು. ಮಣ್ಣು ಕಪ್ಪು, ಜಿಗುಟು, ಫಲವತ್ತು. ಎರೆಹೊಲದಲ್ಲಿ ಮಳೆಯ ಮರುದಿನ ಕಾಲಿಟ್ಟವರಿಗೆ ಆ ಮಣ್ಣಿನ ಗುಣ ಬಿಡಿಸಿ ಹೇಳಬೇಕಿಲ್ಲ. ನದಿ ಉತ್ತರಕ್ಕೆ, ಕೆನಡಾದ ವಿನಿಪೆಗ್ ಸರೋವರದ ಕಡೆಗೆ ಹರಿಯುತ್ತದೆ. ತೊಡಕಿರುವುದು ಇಲ್ಲೇ. ವಸಂತದಲ್ಲಿ ಹಿಮ ಮೊದಲು ಕರಗುವುದು ದಕ್ಷಿಣದಲ್ಲಿ. ನೀರು ಕೆಳಗೆ ಬರುವ ಹೊತ್ತಿಗೆ ಉತ್ತರದ ನದಿ ಇನ್ನೂ ಹೆಪ್ಪುಗಟ್ಟಿಯೇ ಇರುತ್ತದೆ. ಮುಂದೆ ಹೋಗಲು ದಾರಿಯಿಲ್ಲದ ನೀರು ಇಳಿಜಾರಿಲ್ಲದ ಬಯಲಿನಲ್ಲಿ ಹರಡಿಕೊಳ್ಳುತ್ತದೆ. 1997ರ ಏಪ್ರಿಲ್‌ನಲ್ಲಿ ಗ್ರ್ಯಾಂಡ್ ಫೋರ್ಕ್ಸ್ ನಗರ ಹೀಗೇ ಮುಳುಗಿತು. ಸುಮಾರು ಐವತ್ತು ಸಾವಿರ ಮಂದಿ ಊರು ಬಿಟ್ಟರು. ಸುತ್ತ ನೀರು ನಿಂತಿರುವಾಗಲೇ ಪೇಟೆಯ ನಡುವೆ ಬೆಂಕಿ ಹತ್ತಿ ಹನ್ನೊಂದು ಕಟ್ಟಡಗಳು ಸುಟ್ಟವು.

ಪಶ್ಚಿಮಕ್ಕೆ ಹೋದಂತೆ ನೆಲ ಮೆಲ್ಲಗೆ ಏರುತ್ತದೆ, ಮಳೆ ಇಳಿಯುತ್ತದೆ. ಪೂರ್ವದಲ್ಲಿ ವರ್ಷಕ್ಕೆ ಸುಮಾರು 550 ಮಿಲಿಮೀಟರ್, ಪಶ್ಚಿಮದಲ್ಲಿ 350ರ ಆಸುಪಾಸು. ನಡುವೆ ಸಾವಿರಾರು ಸಣ್ಣ ಹೊಂಡಗಳು, ಅವುಗಳಲ್ಲಿ ಮರಿ ಮಾಡುವ ಬಾತುಕೋಳಿಗಳು. ಆಮೇಲೆ ಮಿಸೌರಿ ನದಿ, ಅದರಾಚೆ ದನ ಮೇಯುವ ಹುಲ್ಲುಗಾವಲು ಮತ್ತು ಕೊರಕಲು ಬಿದ್ದ ಬಣ್ಣಬಣ್ಣದ ಮಣ್ಣುದಿಬ್ಬಗಳು. ಹವಾಮಾನದ ಬಗ್ಗೆ ಒಂದೇ ಮಾತು: 1936ರ ಫೆಬ್ರುವರಿಯಲ್ಲಿ ಅಲ್ಲಿ ಮೈನಸ್ 51 ಡಿಗ್ರಿ ದಾಖಲಾಯಿತು, ಅದೇ ವರ್ಷದ ಜುಲೈಯಲ್ಲಿ 49 ಡಿಗ್ರಿ. ಈ ಎರಡೂ ದಾಖಲೆಗಳು ಇನ್ನೂ ಮುರಿದಿಲ್ಲ.

1889ರಲ್ಲಿ ಈ ರಾಜ್ಯ ಹುಟ್ಟಿತು. ಆ ಆಗಸ್ಟ್‌ನಲ್ಲಿ ಬಿಸ್ಮಾರ್ಕ್ ಪಟ್ಟಣದಲ್ಲಿ ಸಂವಿಧಾನ ಬರೆಯಲು ಕುಳಿತಿದ್ದ ಸಭೆಯ ಮುಂದೆ ಜಾನ್ ವೆಸ್ಲಿ ಪೊವೆಲ್ ಎಂಬ ಭೂವಿಜ್ಞಾನಿ ಮಾತಾಡಿದ. ಅವನ ಮಾತಿನ ತಿರುಳು ಇಷ್ಟು: ಪೂರ್ವದವರು ಮಳೆಯನ್ನು ನಂಬಬಹುದು, ಪಶ್ಚಿಮದವರು ನೀರಾವರಿಯಿಲ್ಲದೆ ಆಗದೆಂದು ಬೇಗ ಕಲಿಯುತ್ತಾರೆ, ನಿಜವಾದ ಅಪಾಯ ನಡುವಿನವರಿಗೆ. ಕೆಲವು ವರ್ಷ ಚೆನ್ನಾಗಿ ಬೆಳೆ ಬಂದು ಆಸೆ ಹುಟ್ಟಿಸುತ್ತದೆ, ಆಮೇಲೆ ಬರ ಬಂದು ಎಲ್ಲವನ್ನೂ ಒಯ್ಯುತ್ತದೆ. ಬರಪೀಡಿತ ತಾಲ್ಲೂಕುಗಳ ಬಗ್ಗೆ ನಾನು ಓದಿದ ಹತ್ತಾರು ವರದಿಗಳಲ್ಲಿ ಇಷ್ಟು ಸ್ಪಷ್ಟವಾದ ಮಾತು ಕಂಡಿಲ್ಲ. ಸಭೆಯವರು ಗೌರವದಿಂದ ಕೇಳಿದರು. ಜನ ಭೂಮಿ ಹಿಡಿಯುವುದನ್ನು ಮಾತ್ರ ನಿಲ್ಲಿಸಲಿಲ್ಲ.

ಹಿಡಿದ ಆ ಭೂಮಿ ಖಾಲಿಯಾಗಿತ್ತೇ? ಇರಲಿಲ್ಲ. ಮಿಸೌರಿ ದಂಡೆಯಲ್ಲಿ ಮಂಡನ್, ಹಿಡಾಟ್ಸ, ಅರಿಕರ ಜನ ನೂರಾರು ವರ್ಷಗಳಿಂದ ಮಣ್ಣು ಹೊದಿಸಿದ ದುಂಡನೆಯ ಮನೆಗಳ ಊರು ಕಟ್ಟಿಕೊಂಡು ಮೆಕ್ಕೆಜೋಳ, ಅವರೆ ಜಾತಿಯ ಕಾಳು, ಕುಂಬಳ, ಸೂರ್ಯಕಾಂತಿ ಬೆಳೆಯುತ್ತಿದ್ದರು. ಹೊಲ ಹೆಂಗಸರದು, ಕೆಲಸವೂ ಅವರದೇ. ಕಾಡೆಮ್ಮೆಯ ಹೆಗಲೆಲುಬೇ ಗುದ್ದಲಿ. ಕಾಳು ತುಂಬಲು ನೆಲದಲ್ಲಿ ತೋಡಿದ ಹಗೇವುಗಳಿದ್ದವು. ಬಫಲೋ ಬರ್ಡ್ ವುಮನ್ ಎಂದು ಹೆಸರಾದ ಹಿಡಾಟ್ಸ ಹೆಂಗಸು ತಮ್ಮ ಬೇಸಾಯದ ಕ್ರಮವನ್ನು ಬೀಜದಿಂದ ಹಗೇವಿನವರೆಗೆ ಬಿಡಿಬಿಡಿಯಾಗಿ ಹೇಳಿ ಬರೆಸಿದ್ದು 1917ರಲ್ಲಿ ಪುಸ್ತಕವಾಗಿ ಬಂತು. ಕೃಷಿ ವಿದ್ಯಾರ್ಥಿಗಳು ಅದನ್ನು ಹುಡುಕಿ ಓದಬೇಕು. 1804ರ ಚಳಿಗಾಲದಲ್ಲಿ, ಪಶ್ಚಿಮಕ್ಕೆ ದಾರಿ ಹುಡುಕುತ್ತ ಹೊರಟ ಲೂಯಿಸ್ ಮತ್ತು ಕ್ಲಾರ್ಕ್ ಅವರ ದಂಡು ಈ ಊರುಗಳ ಪಕ್ಕದಲ್ಲಿ ಬೀಡು ಬಿಟ್ಟಾಗ ಅವರನ್ನು ಉಳಿಸಿದ್ದು ಈ ಜನ ಬೆಳೆದ ಮೆಕ್ಕೆಜೋಳ. 1837ರಲ್ಲಿ ಉಗಿಹಡಗೊಂದು ಸಿಡುಬು ತಂದಿತು. ಮಂಡನ್ ಜನಾಂಗದಲ್ಲಿ ಇನ್ನೂರು ಮಂದಿಯೂ ಉಳಿಯಲಿಲ್ಲ.

ಆಮೇಲೆ ರೈಲು. ನಾರ್ದರ್ನ್ ಪೆಸಿಫಿಕ್ ಕಂಪನಿಗೆ 1864ರಲ್ಲಿ ಕೇಂದ್ರ ಸರ್ಕಾರ ಹಳಿಯ ಎರಡೂ ಬದಿಗೆ ಜಮೀನು ದಾನ ಮಾಡಿತು. ಅದರ ಲೆಕ್ಕ ಹಾಕಿದರೆ ಇವತ್ತಿನ ನಾರ್ತ್ ಡಕೋಟದ ಸುಮಾರು ಕಾಲುಭಾಗ ಒಂದೇ ಕಂಪನಿಯ ಪಾಲಾಗಿತ್ತು. 1873ರಲ್ಲಿ ಅದರ ಹಿಂದಿದ್ದ ಜೇ ಕುಕ್‌ನ ಬ್ಯಾಂಕು ಮುಳುಗಿತು, ರೈಲು ಬಿಸ್ಮಾರ್ಕ್‌ನಲ್ಲಿ ನಿಂತಿತು, ಬಾಂಡುಗಳು ಕಾಗದವಾದವು. ಬಾಂಡು ಹಿಡಿದಿದ್ದವರು ಅದರ ಬದಲಿಗೆ ಜಮೀನು ಪಡೆದು ಸಾವಿರಾರು ಎಕರೆಯ ಗೋಧಿ ತೋಟಗಳನ್ನು ಎಬ್ಬಿಸಿದರು. ಅವು ಹೆಚ್ಚು ದಿನ ಬಾಳಲಿಲ್ಲ, ಆದರೆ ಜಾಹೀರಾತಿನ ಕೆಲಸ ಮಾಡಿದವು. ಅದನ್ನು ನೋಡಿ ನಾರ್ವೆಯವರೂ ರಷ್ಯಾದಲ್ಲಿ ನೆಲೆಸಿದ್ದ ಜರ್ಮನ್ನರೂ ಬಂದರು. 1862ರ ಕಾಯ್ದೆಯಂತೆ ಐದು ವರ್ಷ ಉಳುಮೆ ಮಾಡಿ ವಾಸವಿದ್ದವರಿಗೆ 160 ಎಕರೆ ಸಿಗುತ್ತಿತ್ತು. ರಾಜಧಾನಿ ಬಿಸ್ಮಾರ್ಕ್‌ಗೆ ಜರ್ಮನಿಯ ಚಾನ್ಸಲರನ ಹೆಸರಿಟ್ಟಿದ್ದೂ ಜರ್ಮನ್ ದುಡ್ಡಿನ ಆಸೆಯಿಂದಲೇ!

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. 160 ಎಕರೆಯ ರೈತ ಗೋಧಿ ಬೆಳೆದ. ಅದನ್ನು ಎಲ್ಲಿ ಮಾರಬೇಕು? ಹತ್ತಿರದ ರೈಲು ನಿಲ್ದಾಣದಲ್ಲಿ ಎತ್ತರದ ಕಣಜವೊಂದಿದೆ, ಅವರು ಅದಕ್ಕೆ ಎಲಿವೇಟರ್ ಎನ್ನುತ್ತಾರೆ. ಅದರ ಒಡೆಯರು ಇರುವುದು ಪಕ್ಕದ ಮಿನೆಸೋಟ ರಾಜ್ಯದ ಮಿನಿಯಾಪೊಲಿಸ್‌ನಲ್ಲಿ. ಬೆಲೆ ತೀರ್ಮಾನವಾಗುವ ಧಾನ್ಯ ವಿನಿಮಯ ಕೇಂದ್ರವೂ ಅಲ್ಲೇ, ಗಿರಣಿಗಳೂ ಅಲ್ಲೇ, ಸಾಲ ಕೊಡುವ ಬ್ಯಾಂಕುಗಳ ಬೇರುಗಳೂ ಅಲ್ಲೇ. ರೈತನ ಗಾಡಿ ಬಂದಾಗ ಕಸಕಡ್ಡಿಯ ಲೆಕ್ಕದಲ್ಲಿ ತೂಕ ಮುರಿಯುತ್ತಿದ್ದರು. ನಮ್ಮ ಎಪಿಎಂಸಿಯಲ್ಲಿ ಸೂಟು ತೆಗೆಯುವುದನ್ನು ನೋಡಿದವರಿಗೆ ಇದು ಹೊಸದಲ್ಲ. ಆಮೇಲೆ ದರ್ಜೆ: ಕಾಳು ಸುಕ್ಕಾಗಿದೆ, ಇದು ನಾಲ್ಕನೆಯದು ಎಂದು ಕೆಳದರ್ಜೆಗೆ ಕೊಳ್ಳುವುದು, ಮಿಶ್ರ ಮಾಡಿ ಮೇಲುದರ್ಜೆಗೆ ಮಾರುವುದು. ಮುರಿದುಕೊಂಡ ಕಸವನ್ನೂ ಮೇವಿಗೆ ಮಾರಿ ಕಾಸು ಮಾಡುತ್ತಿದ್ದರು.

ರೈತರು ಇದನ್ನು ಬಹಳ ದಿನ ಗೊಣಗಿದರು. ಗೊಣಗಾಟಕ್ಕೆ ಪುರಾವೆ ಕೊಟ್ಟವನು ಎಡ್ವಿನ್ ಲ್ಯಾಡ್, ಫಾರ್ಗೋದ ಕೃಷಿ ಕಾಲೇಜಿನ ರಸಾಯನಶಾಸ್ತ್ರಜ್ಞ. ದನದ ಮೇವಿಗಷ್ಟೇ ಲಾಯಕ್ಕು ಎಂದು ಪೇಟೆಯವರು ತಳ್ಳಿದ ಗೋಧಿಯನ್ನು ಆತ ಬೀಸಿ, ಬ್ರೆಡ್ ಸುಟ್ಟು ನೋಡಿದ. ಹಿಟ್ಟು ಚೆನ್ನಾಗಿಯೇ ಇತ್ತು. ಬೆಲೆಯಲ್ಲಿದ್ದಷ್ಟು ಅಂತರ ಹಿಟ್ಟಿನಲ್ಲಿ ಇರಲಿಲ್ಲ. ಕೃಷಿ ಕಾಲೇಜಿನ ಪ್ರಯೋಗಾಲಯ ಯಾರ ಪರವಾಗಿ ಕೆಲಸ ಮಾಡಬೇಕು ಎಂಬ ಪ್ರಶ್ನೆಗೆ ನನಗೆ ಇದಕ್ಕಿಂತ ಒಳ್ಳೆಯ ಉತ್ತರ ತಿಳಿದಿಲ್ಲ.

ರಾಜ್ಯವೇ ಒಂದು ದೊಡ್ಡ ಕಣಜ ಕಟ್ಟಲಿ ಎಂದು ಜನ 1912ರಲ್ಲಿ ಒಮ್ಮೆ, 1914ರಲ್ಲಿ ಮತ್ತೊಮ್ಮೆ ಮತ ಹಾಕಿ ಹೇಳಿದರು. 1915ರಲ್ಲಿ ಶಾಸನಸಭೆ ಆಗದು ಎಂದಿತು. ಮನೆಗೆ ಹೋಗಿ ಹಂದಿಗೆ ಮುಸುರೆ ಹಾಕಿ ಎಂದು ಶಾಸಕನೊಬ್ಬ ರೈತರಿಗೆ ಹೇಳಿದನೆಂಬ ಸುದ್ದಿ ಹಬ್ಬಿತು. ತಾನು ಹಾಗೆ ಅನ್ನಲೇ ಇಲ್ಲವೆಂದು ಆತ ನಿರಾಕರಿಸಿದ. ಅಂದಿರಲಿ ಬಿಡಲಿ, ರೈತರು ಅದನ್ನು ನಂಬಿದರು, ಏಕೆಂದರೆ ಆ ಸಭೆಯ ನಡವಳಿಕೆ ಹಾಗೇ ಇತ್ತು.

ಆಗ ಬಂದವನು ಆರ್ಥರ್ ಟೌನ್ಲಿ. ಪಶ್ಚಿಮದ ಬೀಚ್ ಎಂಬ ಊರಲ್ಲಿ ಸಾಲ ಮಾಡಿ ಅಗಸೆ ಬಿತ್ತಿ ಬೆಳೆಯೂ ಬೆಲೆಯೂ ಕೈಕೊಟ್ಟು ದಿವಾಳಿಯಾಗಿದ್ದವನು. 1915ರಲ್ಲಿ ಅವನು ನಾನ್‌ಪಾರ್ಟಿಸನ್ ಲೀಗ್ ಕಟ್ಟಿದ. ಹೊಸ ಪಕ್ಷ ಕಟ್ಟುವ ಗೋಜಿಗೆ ಹೋಗಲಿಲ್ಲ. ಗೆಲ್ಲುವ ಪಕ್ಷ ರಿಪಬ್ಲಿಕನ್, ಅದರ ಒಳಚುನಾವಣೆಯಲ್ಲಿ ಯಾರು ಬೇಕಾದರೂ ನಿಲ್ಲಬಹುದು, ಹಾಗಾದರೆ ಒಳಗೇ ಹೊಕ್ಕು ನಮ್ಮವರನ್ನು ನಿಲ್ಲಿಸೋಣ ಎಂಬುದು ಅವನ ಯುಕ್ತಿ. ಸಂಘಟಕರನ್ನು ಫೋರ್ಡ್ ಕಾರುಗಳಲ್ಲಿ ಹೊಲದಿಂದ ಹೊಲಕ್ಕೆ ಅಟ್ಟಿದ. ಸದಸ್ಯತ್ವದ ಶುಲ್ಕ ಎರಡೂವರೆ ಡಾಲರ್‌ನಿಂದ ಶುರುವಾಗಿ ಹದಿನಾರಕ್ಕೆ ಏರಿತು. ಕೈಯಲ್ಲಿ ಕಾಸಿಲ್ಲದವನಿಂದ ಸುಗ್ಗಿಯ ಮೇಲಿನ ತಾರೀಖು ಹಾಕಿದ ಚೆಕ್ಕು ಬರೆಸಿಕೊಳ್ಳುತ್ತಿದ್ದರು. ಶುಲ್ಕ ಅಷ್ಟು ದುಬಾರಿ ಏಕೆ? ದುಡ್ಡು ಹಾಕಿದವನು ಸಭೆಗೂ ಬರುತ್ತಾನೆ, ಮತವನ್ನೂ ಹಾಕುತ್ತಾನೆ ಎಂಬ ಲೆಕ್ಕ. ಪುಕ್ಕಟೆ ಸದಸ್ಯತ್ವದ ರೈತ ಸಂಘಟನೆಗಳನ್ನು ಕಂಡ ನಮಗೆ ಇದು ಯೋಚಿಸಬೇಕಾದ ಸಂಗತಿ.

1916ರಲ್ಲಿ ಲೀಗಿನ ಲಿನ್ ಫ್ರೇಜರ್ ಎಂಬ ರೈತ ರಾಜ್ಯಪಾಲನಾದ. ಅಲ್ಲಿ ರಾಜ್ಯಪಾಲ ಎಂದರೆ ಜನ ಆರಿಸಿದ ಆಡಳಿತಗಾರ, ನಮ್ಮ ರಾಜಭವನದವರಂತಲ್ಲ. 1918ರಲ್ಲಿ ಎರಡೂ ಸದನಗಳು ಕೈಗೆ ಬಂದವು. 1919ರಲ್ಲಿ ಒಂದೇ ಅಧಿವೇಶನದಲ್ಲಿ ರಾಜ್ಯದ ಬ್ಯಾಂಕು, ರಾಜ್ಯದ ಗಿರಣಿ ಮತ್ತು ಕಣಜ, ಆಲಿಕಲ್ಲು ವಿಮೆ, ಮನೆ ಕಟ್ಟುವ ಸಂಘ, ಎಲ್ಲಕ್ಕೂ ಕಾಯ್ದೆ ಆಯಿತು. 20 ಲಕ್ಷ ಡಾಲರ್ ಬಂಡವಾಳದ ಬ್ಯಾಂಕ್ ಆಫ್ ನಾರ್ತ್ ಡಕೋಟ 1919ರ ಜುಲೈ 28ರಂದು ಬಾಗಿಲು ತೆರೆಯಿತು. ಗ್ರ್ಯಾಂಡ್ ಫೋರ್ಕ್ಸ್‌ನ ಗಿರಣಿ 1922ರಲ್ಲಿ ಶುರುವಾಯಿತು.

ಇಲ್ಲಿಗೆ ನಿಲ್ಲಿಸಿದರೆ ಇದು ವೀರಗಾಥೆಯಾಗುತ್ತದೆ. ಆದರೆ ಇವುಗಳಿಗೆ ಹಣ ಎತ್ತಲು ರಾಜ್ಯ ಹೊರಡಿಸಿದ ಬಾಂಡುಗಳನ್ನು ದೊಡ್ಡ ನಗರಗಳ ಹಣಕಾಸುದಾರರು ಕೊಳ್ಳಲಿಲ್ಲ. ಮೊದಲ ಮಹಾಯುದ್ಧದ ಕಾಲದಲ್ಲಿ ಲೀಗಿನವರನ್ನು ದೇಶದ್ರೋಹಿಗಳೆಂದು ಕರೆದರು, ಟೌನ್ಲಿ ಮುಂದೆ ಮಿನೆಸೋಟದಲ್ಲಿ ಜೈಲಿಗೂ ಹೋಗಿ ಬಂದ. ಗೋಧಿ ಬೆಲೆ ಬಿತ್ತು, ಬರ ಬಂತು, ಹಳ್ಳಿಯ ಖಾಸಗಿ ಬ್ಯಾಂಕುಗಳು ಸಾಲುಸಾಲಾಗಿ ಮುಚ್ಚಿದವು. ಲೀಗಿನ ತಪ್ಪುಗಳೂ ಕಡಿಮೆಯಲ್ಲ. ಮನೆ ಕಟ್ಟುವ ಸಂಘದಿಂದ ಅಟಾರ್ನಿ ಜನರಲ್ ವಿಲಿಯಂ ಲೆಂಕೆಗೇ ಒಂದು ಮನೆ ಆಯಿತು, ಅದರ ಖರ್ಚು ಕಾಯ್ದೆಯ ಮಿತಿಯನ್ನು ಎಲ್ಲೋ ದಾಟಿತ್ತು. ಬಡವರಿಗೆಂದು ಮಾಡಿದ ಮನೆ ಯೋಜನೆಯ ಮೊದಲ ಹಾಸಿಗೆ ಯಾರಿಗೆ ಬೀಳುತ್ತದೆ ಎಂಬುದರಲ್ಲಿ ನಮಗೂ ಅವರಿಗೂ ವ್ಯತ್ಯಾಸವಿಲ್ಲ. 1921ರ ಅಕ್ಟೋಬರ್‌ನಲ್ಲಿ ಜನ ಫ್ರೇಜರ್‌ನನ್ನು ಅವಧಿಗೆ ಮೊದಲೇ ಮತ ಹಾಕಿ ಇಳಿಸಿದರು. ಅಮೆರಿಕದಲ್ಲಿ ಹೀಗೆ ಇಳಿದ ಮೊದಲ ರಾಜ್ಯಪಾಲ ಆತ. ಮುಂದಿನವನಿಗೆ 2003ರವರೆಗೆ ಕಾಯಬೇಕಾಯಿತು.

ಅದೇ ದಿನ, ಅದೇ ಮತಗಟ್ಟೆಯಲ್ಲಿ, ಬ್ಯಾಂಕನ್ನು ಮುಚ್ಚುವ ಪ್ರಸ್ತಾಪವೂ ಜನರ ಮುಂದಿತ್ತು. ಅದನ್ನು ಅವರು ಒಪ್ಪಲಿಲ್ಲ. ನಾಯಕನನ್ನು ಇಳಿಸಿ ಸಂಸ್ಥೆಯನ್ನು ಉಳಿಸಿಕೊಂಡರು. ಇಡೀ ಚರಿತ್ರೆಯಲ್ಲಿ ನನಗೆ ಅತಿ ದೊಡ್ಡದಾಗಿ ಕಾಣುವುದು ಇದು. ಸಂಸ್ಥೆ ತನ್ನದು ಎಂದು ಜನಕ್ಕೆ ಅನ್ನಿಸಿದ್ದರಿಂದ ಅದನ್ನು ಕಟ್ಟಿದವರ ಹಣೆಬರಹಕ್ಕೆ ಅದು ಅಂಟಿಕೊಳ್ಳಲಿಲ್ಲ. ಮರುವರ್ಷ ಫ್ರೇಜರ್‌ನನ್ನೇ ಸೆನೆಟ್ಟಿಗೆ ಕಳಿಸಿದರು ಎಂಬುದು ಬೇರೆ ಮಾತು.

ಬ್ಯಾಂಕು ಉಳಿದದ್ದಕ್ಕೆ ಇನ್ನೊಂದು ಕಾರಣ, ಅದು ತನ್ನ ಕೆಲಸವನ್ನು ಕಿರಿದು ಮಾಡಿಕೊಂಡದ್ದು. ರಾಜ್ಯದ ತೆರಿಗೆ ಹಣವೆಲ್ಲ ಅದರಲ್ಲಿ ಠೇವಣಿ. ಠೇವಣಿಗೆ ರಾಜ್ಯವೇ ಭರವಸೆ. ಊರೂರಲ್ಲಿ ಶಾಖೆ ತೆರೆದು ಸಣ್ಣ ಬ್ಯಾಂಕುಗಳ ಎದೆಯ ಮೇಲೆ ಕೂರುವುದಿಲ್ಲ. ಹಳ್ಳಿಯ ಬ್ಯಾಂಕು ಒಬ್ಬ ರೈತನಿಗೆ ದೊಡ್ಡ ಸಾಲ ಕೊಡಲು ಹಿಂಜರಿದರೆ ಅದರಲ್ಲಿ ತಾನೊಂದು ಪಾಲು ಹಾಕುತ್ತದೆ. ಲಾಭ ರಾಜ್ಯದ ಬೊಕ್ಕಸಕ್ಕೆ ಹೋಗುತ್ತದೆ. ಅಂದರೆ ಬಯಲಿನ ದುಡ್ಡು ಬಯಲಲ್ಲೇ ಸುತ್ತುತ್ತದೆ. ಈ ಯೋಚನೆ ನಮಗೂ ಹೊಸದಲ್ಲ: 1905ರಲ್ಲೇ ಗದಗಿನ ಕಣಗಿನಹಾಳದಲ್ಲಿ ಸಹಕಾರಿ ಸಂಘ ಕಟ್ಟಿದ ನಾಡು ನಮ್ಮದು. 1913ರಲ್ಲಿ ವಿಶ್ವೇಶ್ವರಯ್ಯನವರ ಕಾಲದಲ್ಲಿ ಮೈಸೂರು ಬ್ಯಾಂಕು ಹುಟ್ಟಿತು. ಅದರ ಸ್ವರೂಪ ಬೇರೆ, ಉದ್ದೇಶದಲ್ಲಿ ಹೋಲಿಕೆಯಿದೆ. 2017ರಲ್ಲಿ ಅದು ಸ್ಟೇಟ್ ಬ್ಯಾಂಕಿನಲ್ಲಿ ಕರಗಿದಾಗ ನಮ್ಮಲ್ಲಿ ಯಾರೂ ಮತಗಟ್ಟೆಗೆ ಹೋಗುವ ಪ್ರಸಂಗ ಬರಲಿಲ್ಲ.

ಬ್ಯಾಂಕು ಎಲ್ಲವನ್ನೂ ಸರಿಪಡಿಸಿತೇ? ಇಲ್ಲ. ಗೋಧಿಯ ಬೆಲೆ ಆಮೇಲೂ ಮಿನಿಯಾಪೊಲಿಸ್‌ನಲ್ಲೇ ತೀರ್ಮಾನವಾಗುತ್ತಿತ್ತು. ಗಿರಣಿ ಮೊದಲ ವರ್ಷಗಳಲ್ಲಿ ನಷ್ಟ ಕಂಡಿತು, ಇವತ್ತು ದೇಶದ ಅತಿ ದೊಡ್ಡ ಹಿಟ್ಟಿನ ಗಿರಣಿಗಳಲ್ಲಿ ಒಂದಾಗಿದ್ದರೂ ಬೆಲೆಯ ದಿಕ್ಕು ತಿರುಗಿಸುವಷ್ಟು ದೊಡ್ಡದಲ್ಲ. 1933ರಲ್ಲಿ ವಿಲಿಯಂ ಲ್ಯಾಂಗರ್ ಎಂಬ ರಾಜ್ಯಪಾಲ ಗೋಧಿ ರಾಜ್ಯದ ಗಡಿ ದಾಟಕೂಡದು ಎಂದೇ ಆಜ್ಞೆ ಹೊರಡಿಸಿದ. ಬೆಲೆ ಏರುವವರೆಗೆ ಮಾರಾಟವೇ ಬೇಡ ಎಂಬ ಹಟ. ಕೋರ್ಟು ಅದನ್ನು ರದ್ದು ಮಾಡಿತು. ಸಾಲಕ್ಕೆ ಹೊಲ ಹರಾಜು ಹಾಕುವುದನ್ನು ತಡೆಯಲು ಅವನು ಸೈನಿಕ ದಳವನ್ನೂ ಬಳಸಿದ, ಅದು ಮಾತ್ರ ಕೆಲವರ ಹೊಲ ಉಳಿಸಿತು.

ಇಷ್ಟೆಲ್ಲ ಆದರೂ ಜನ ಊರು ಬಿಟ್ಟರು. 1930ರಲ್ಲಿ 6,80,845 ಇದ್ದ ಜನಸಂಖ್ಯೆ 1970ಕ್ಕೆ 6,17,761ಕ್ಕೆ ಇಳಿಯಿತು. ಟ್ರ್ಯಾಕ್ಟರು, ಕಂಬೈನು ಬಂದಂತೆ ಒಬ್ಬನ ಹೊಲ ಇನ್ನೊಬ್ಬನ ಹೊಲದೊಳಗೆ ಸೇರುತ್ತ ಹೋಯಿತು. ಈಗ ಸರಾಸರಿ ಹಿಡುವಳಿ ಸುಮಾರು 1,500 ಎಕರೆ. ಕಂಪನಿಗಳು ಕೃಷಿಭೂಮಿ ಹಿಡಿಯಬಾರದೆಂದು 1932ರಲ್ಲಿ ಜನರೇ ಮತ ಹಾಕಿ ಕಾಯ್ದೆ ಮಾಡಿದರು, 2016ರಲ್ಲಿ ಅದನ್ನು ಸಡಿಲಿಸಲು ಹೊರಟಾಗ ಭಾರಿ ಬಹುಮತದಿಂದ ತಡೆದರು. ಕಂಪನಿಯನ್ನು ಹೊರಗಿಟ್ಟರು ಸರಿ, ಆದರೆ ಒಳಗಿದ್ದ ಸಣ್ಣ ರೈತ ಉಳಿಯಲಿಲ್ಲ. ಭೂಸುಧಾರಣೆಯ ಕಾಯ್ದೆ ಬೇಕೋ ಬೇಡವೋ ಎಂದು ವಾದಿಸುವ ನಮ್ಮ ಎರಡೂ ಪಂಗಡದವರು ಈ ಸಂಗತಿಯನ್ನು ನುಂಗಿಕೊಳ್ಳಬೇಕಾಗುತ್ತದೆ.

ಬೆಳೆಗಳ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. ಪಾಸ್ತಾ ಮಾಡುವ ಡ್ಯೂರಂ ಗೋಧಿ, ಅಗಸೆ, ಕನೋಲ, ಸೂರ್ಯಕಾಂತಿ ಇವುಗಳಲ್ಲಿ ರಾಜ್ಯ ಮುಂಚೂಣಿಯಲ್ಲಿದೆ. ಜೇನುತುಪ್ಪದಲ್ಲೂ ದೇಶಕ್ಕೇ ಮೊದಲು. ಚಳಿಗಾಲದಲ್ಲಿ ಜೇನುಪೆಟ್ಟಿಗೆಗಳನ್ನು ಲಾರಿಗಳಲ್ಲಿ ತುಂಬಿ ಕ್ಯಾಲಿಫೋರ್ನಿಯಾದ ಬಾದಾಮಿ ತೋಟಗಳಿಗೆ ಒಯ್ಯುತ್ತಾರೆ. ರೆಡ್ ನದಿಯ ಬಯಲಿನಲ್ಲಿ ಸಕ್ಕರೆ ಬೀಟ್ ಬೆಳೆಯುತ್ತಾರೆ, ಕಿತ್ತ ಗಡ್ಡೆಯನ್ನು ಬಯಲಲ್ಲೇ ರಾಶಿ ಹಾಕಿದರೆ ಸಾಕು, ಚಳಿಯೇ ಅದನ್ನು ತಿಂಗಳುಗಟ್ಟಲೆ ಕಾಪಾಡುತ್ತದೆ. ಅಲ್ಲಿನ ಅಮೆರಿಕನ್ ಕ್ರಿಸ್ಟಲ್ ಶುಗರ್ ಕಂಪನಿಯನ್ನು 1973ರಲ್ಲಿ ಬೆಳೆಗಾರರೇ ಕೊಂಡು ಸಹಕಾರಿ ಮಾಡಿಕೊಂಡರು.

ಇಷ್ಟು ಹೊತ್ತು ಹೇಳಿದ ರೈತರ ಕಥೆಯಲ್ಲಿ ಮೊದಲ ರೈತರು ಎಲ್ಲಿ ಹೋದರು? ಲೀಗಿನ ಬ್ಯಾಂಕು, ಗಿರಣಿ ಯಾವುದೂ ಅವರನ್ನು ಎಣಿಕೆಗೆ ಹಿಡಿದಿರಲಿಲ್ಲ. ಮಂಡನ್, ಹಿಡಾಟ್ಸ, ಅರಿಕರ ಜನ ಮಿಸೌರಿಯ ತಗ್ಗುದಂಡೆಯಲ್ಲಿ ಫೋರ್ಟ್ ಬರ್ತೋಲ್ಡ್ ಮೀಸಲು ಪ್ರದೇಶದಲ್ಲಿ ಬೇಸಾಯ ಮಾಡಿಕೊಂಡಿದ್ದರು. 1947ರಲ್ಲಿ ಗ್ಯಾರಿಸನ್ ಅಣೆಕಟ್ಟಿನ ಕೆಲಸ ಶುರುವಾಯಿತು. ಕೆಳಗಿನ ನಗರಗಳಿಗೆ ಪ್ರವಾಹದಿಂದ ರಕ್ಷಣೆ, ವಿದ್ಯುತ್ತು, ಎಲ್ಲ ಸರಿ. ಮುಳುಗಡೆಯಾದದ್ದು ಇವರ ಸುಮಾರು 1,52,000 ಎಕರೆ, ಅದೂ ಒಳ್ಳೆಯ ಮೆಕ್ಕಲು ಮಣ್ಣು. ಆಸ್ಪತ್ರೆಯಿದ್ದ ಎಲ್ಬೋವುಡ್ಸ್ ಊರು ನೀರಿನಡಿ ಹೋಯಿತು. 1948ರಲ್ಲಿ ವಾಷಿಂಗ್ಟನ್‌ನಲ್ಲಿ ಭೂಮಿ ಒಪ್ಪಿಸುವ ಕಾಗದಕ್ಕೆ ಸಹಿ ಬೀಳುವಾಗ ಬುಡಕಟ್ಟಿನ ಮುಖಂಡ ಜಾರ್ಜ್ ಜಿಲೆಟ್ ಮುಖ ಮುಚ್ಚಿಕೊಂಡು ಅಳುತ್ತಿರುವ ಛಾಯಾಚಿತ್ರವಿದೆ. ಹಿನ್ನೀರಿನಲ್ಲಿ ಮುಳುಗಿದ ನಮ್ಮ ಹಳೆಯ ಬಾಗಲಕೋಟೆಯನ್ನು ಬಲ್ಲವರಿಗೆ ಆ ಚಿತ್ರಕ್ಕೆ ವಿವರಣೆ ಬೇಡ. ಪರಿಹಾರ ಸಾಲದೆಂದು ಕೇಂದ್ರ ಸರ್ಕಾರವೇ ಒಪ್ಪಿ ಇನ್ನಷ್ಟು ಹಣ ಇಟ್ಟದ್ದು 1992ರಲ್ಲಿ.

ಕೊನೆಯದಾಗಿ ಎಣ್ಣೆ. 1951ರಲ್ಲಿ ಟಿಯೋಗ ಎಂಬ ಊರಿನ ಹತ್ತಿರ ಗೋಧಿ ಹೊಲದಲ್ಲಿ ಮೊದಲ ಬಾವಿಗೆ ಎಣ್ಣೆ ಬಿತ್ತು. ನಿಜವಾದ ಭರಾಟೆ ಶುರುವಾದದ್ದು 2006ರ ನಂತರ. ಬಾಕೆನ್ ಎಂಬ ಶಿಲಾಪದರ ಮೂರು ಕಿಲೋಮೀಟರ್ ಆಳದಲ್ಲಿದೆ. ಅಲ್ಲಿಗೆ ಇಳಿದು, ಕೊಳವೆಯನ್ನು ಅಡ್ಡಕ್ಕೆ ತಿರುಗಿಸಿ, ನೀರು, ಮರಳು, ರಾಸಾಯನಿಕಗಳ ಒತ್ತಡದಿಂದ ಬಂಡೆ ಸೀಳಿ ಎಣ್ಣೆ ತೆಗೆಯುತ್ತಾರೆ. 2014ರಲ್ಲಿ ದಿನಕ್ಕೆ ಹತ್ತು ಲಕ್ಷ ಬ್ಯಾರೆಲ್ ದಾಟಿತು. ವಿಲ್ಲಿಸ್ಟನ್ ಪಟ್ಟಣದ ಜನಸಂಖ್ಯೆ 2010ರಿಂದ 2020ರೊಳಗೆ 14,716ರಿಂದ 29,160 ಆಯಿತು. ಮನೆಗಳು ಸಿಗದೆ ಕೆಲಸಗಾರರು ಶೆಡ್ಡುಗಳಲ್ಲಿ, ವಾಹನಗಳಲ್ಲಿ ಮಲಗಿದರು. ಎಣ್ಣೆಯ ಜೊತೆ ಬರುವ ಅನಿಲವನ್ನು ಸಾಗಿಸಲು ಕೊಳವೆಯಿಲ್ಲದೆ ಮೂರರಲ್ಲೊಂದು ಪಾಲನ್ನು ಅಲ್ಲೇ ಸುಟ್ಟ ಕಾಲವೂ ಇತ್ತು.

ಲೀಗಿನ ಮೊಮ್ಮಕ್ಕಳು ಇಲ್ಲಿ ಒಂದು ಕೆಲಸ ಮಾಡಿದರು. ಎಣ್ಣೆ ತೆರಿಗೆಯ ಶೇಕಡ 30ನ್ನು ಮುಟ್ಟದೆ ಕೂಡಿಡುವ ಲೆಗಸಿ ಫಂಡ್ ಎಂಬ ನಿಧಿಗೆ 2010ರಲ್ಲಿ ಮತ ಹಾಕಿದರು, 2017ರವರೆಗೆ ಅದರ ಒಂದು ಡಾಲರನ್ನೂ ತೆಗೆಯಕೂಡದೆಂದು ಕಟ್ಟು ಹಾಕಿದರು. ಆಮೇಲೆ ಆ ನಿಧಿಯ ಹಣ ಬಹುಪಾಲು ರಾಜ್ಯದ ಹೊರಗಿನ ಪೇಟೆಗಳಲ್ಲಿ ಹೂಡಿಕೆಯಾಗುತ್ತಿದೆ, ಒಂದಿಷ್ಟು ಇಲ್ಲೇ ಇರಲಿ ಎಂಬ ಚರ್ಚೆ ಎದ್ದಿತು. 1915ರ ವಾದವೇ ಹೊಸ ಅಂಗಿ ತೊಟ್ಟು ಬಂದಿತ್ತು.

ಬಾಕೆನ್ ಪದರ ಫೋರ್ಟ್ ಬರ್ತೋಲ್ಡ್ ಅಡಿಯಲ್ಲೂ ಹಾದುಹೋಗುತ್ತದೆ. ಬುಡಕಟ್ಟಿನವರಿಗೆ ಎಣ್ಣೆಯಿಂದ ವರಮಾನ ಬರುತ್ತಿದೆ, ತೆರಿಗೆಯನ್ನು ರಾಜ್ಯದೊಡನೆ ಹಂಚಿಕೊಳ್ಳುವ ಒಪ್ಪಂದವಿದೆ. ಜಗಳ ಎದ್ದಿರುವುದು ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿರುವ ಮಿಸೌರಿಯ ಹಳೆಯ ಪಾತ್ರದ ಬಗ್ಗೆ. ಅದರಡಿಯ ಎಣ್ಣೆ ಬುಡಕಟ್ಟಿನದೋ ರಾಜ್ಯದ್ದೋ? ಕೇಂದ್ರದ ಒಳಾಡಳಿತ ಇಲಾಖೆಯ ಕಾನೂನು ಅಧಿಕಾರಿಗಳು 2017ರಲ್ಲಿ ಬುಡಕಟ್ಟಿನದು ಎಂದರು, 2020ರಲ್ಲಿ ಸರ್ಕಾರ ಬೇರೆಯಾಗಿದ್ದಾಗ ರಾಜ್ಯದ್ದು ಎಂದರು, 2022ರಲ್ಲಿ ಮತ್ತೆ ಬುಡಕಟ್ಟಿನದೇ ಎಂದರು. ನಾರ್ತ್ ಡಕೋಟ ರಾಜ್ಯ ತನ್ನ ಹಕ್ಕು ಬಿಟ್ಟುಕೊಡಲು ಸಿದ್ಧವಿರಲಿಲ್ಲ. ಒಂದು ಕಾಲಕ್ಕೆ ಮಿನಿಯಾಪೊಲಿಸ್‌ನವರ ಮುಂದೆ ಪಾಲು ಕೇಳಿದ ರೈತರ ರಾಜ್ಯ ಈ ವ್ಯಾಜ್ಯದಲ್ಲಿ ಎದುರುಪಕ್ಷದ ಕುರ್ಚಿಯಲ್ಲಿ ಕೂತಿದೆ.